ನಿಂತದ್ದು ಕಪ್ಪು

ಗದ್ದ ಇಲ್ಲಿಡಿ ಇದ್ದಿನಬ್ಬಾಕ, ಹಣೆ ಪಟ್ಟಿಗೆ ತಾಗಲಿ.
ಸೂಜಿ ಇಲ್ಲ, ಮೊದಲಿನ ಹಾಗೆ ರಟ್ಟೆಗೆ ಹಳದಿ ಮದ್ದು ಏರಿಸುವುದಿಲ್ಲ.
ಒಳಗೊಂದು ನೀಲಿ ಶಿಲುಬೆ ಕಾಣುತ್ತದೆ, ಅದನ್ನೇ ನೋಡಿ –
ಅಂದವಳು ನಾಲಗೆ ಕಚ್ಚಿಕೊಂಡೆ: ಶಿಲುಬೆ ಅಲ್ಲ, ಕೂಡಿಸುವ ಗುರುತು.
'ಯಾವುದಾದರೂ ಆಗಲಿ ಸೆವ್ರಿನ್ ಬಾಯಿ,
ರೆಪ್ಪೆ ಹೊಡೆಯಬಾರದು, ಅಷ್ಟೇ ಅಲ್ಲವಾ?'

ನಿಜ್ವಾದ ಈ ಗಲ್ಲಿಯಲ್ಲಿ ಬೆಳಿಗ್ಗೆ ಎಂಟಕ್ಕೇ ನಲವತ್ತೊಂದು ಡಿಗ್ರಿ.
ಕಿಟಕಿಯಾಚೆ ಅವರ ನೀಲಿ ಟ್ಯಾಂಕರು
ನೆರಳು ಸಿಗದೆ ಔಷಧಿ ಅಂಗಡಿಯ ಬೋರ್ಡಿಗೆ ಮೂತಿ ಒತ್ತಿ ನಿಂತಿದೆ.
ಇಪ್ಪತ್ತಾರು ವರ್ಷ: ಬಹ್ಲಾ, ತನೂಫ್, ಬೆಟ್ಟದ ಬುಡದ ಮನೆಗಳು.
ಫಲಜಿನ ಕಾಲುವೆ ಎಲ್ಲಿ ಸೊರಗಿತೋ ಅಲ್ಲಿಂದ ಫೋನು,
ತೊಟ್ಟಿ ತುಂಬಿಸಿ ಪೈಪು ಸುತ್ತುವಷ್ಟರಲ್ಲಿ
ಪ್ರತಿ ಮನೆಯಲ್ಲೂ ಖಹ್ವಾ, ಮೂರು ಖರ್ಜೂರ.
ಬೇಡ ಅಂದರೆ ಮರ್ಯಾದೆ ಹೋಗುತ್ತದೆ – ಅವರದಲ್ಲ, ನನ್ನದು, ಅನ್ನುತ್ತಾರೆ.
ದಿನಕ್ಕೆ ಎಷ್ಟು ಮನೆ? ಕೇಳಿದೆ.
ಬರೆದುಕೊಳ್ಳಲಿಲ್ಲ.

ಗೋಡೆಯ ಅಕ್ಷರ ಕೊನೆಯ ಸಾಲಿನವರೆಗೂ ಓದಿದ್ದರು.
ಲೈಸೆನ್ಸಿಗೆ ಅಷ್ಟು ಸಾಕು. ಯಂತ್ರಕ್ಕೆ ಸಾಲದು.
ಅದು ಕಣ್ಣಿನ ಹಿಂಗೋಡೆಯ ಒಂದೇ ಜಾಗವನ್ನು
ಕ್ಷಣದ ಚೂರು ಬಿಟ್ಟು ಮತ್ತೆ ತೆಗೆಯುತ್ತದೆ,
ಎರಡು ಚಿತ್ರಗಳ ನಡುವೆ ಬದಲಾದದ್ದೇನು ಎಂದು ಹುಡುಕುತ್ತದೆ.
ಬದಲಾದದ್ದು ರಕ್ತ. ಹರಿದದ್ದು ಬೆಳ್ಳಗೆ.
ನಿಂತದ್ದು ಕಪ್ಪು.

ಆರು ಮಿಲಿಮೀಟರ್ ಉದ್ದ, ಆರು ಅಗಲ.
ಪರದೆಯ ಮೇಲೆ ಬಿಳಿ ದಾರಿಗಳು ಏರಿ ಬಂದವು,
ದೊಡ್ಡದು, ಕವಲು, ಕವಲಿನ ಕವಲು,
ಕಿವಿಯ ಕಡೆಯ ಮೂಲೆಯಲ್ಲಿ ಮಾತ್ರ ಬಲೆಯನ್ನು ಇಲಿ ಕಡಿದ ಹಾಗೆ.
ಸುತ್ತ ಗೆರೆ ಎಳೆದೆ, ಯಂತ್ರ ಲೆಕ್ಕ ಹೇಳಿತು:
ಹರಿವಿಲ್ಲದ್ದು ನೂರಕ್ಕೆ ಹದಿನೆಂಟು.
ಹೋದ ವರ್ಷ ಹನ್ನೊಂದಿತ್ತು.

ನಟ್ಟನಡುವಿನ ಕಪ್ಪಿಗೆ ಬೆರಳು ಇಟ್ಟು 'ಇಲ್ಲೇ ದೊಡ್ಡ ಬರವಾ?' ಅಂದರು.
ಅದು ಹುಟ್ಟಿನಿಂದ ಹಾಗೆ, ಎಲ್ಲರಿಗೂ. ಅಲ್ಲಿ ನಾಳವೇ ಇಲ್ಲ.
ಅತಿ ಸಣ್ಣ ಅಕ್ಷರ ಓದುವುದು ಆ ಬರಿದು ಜಾಗದಿಂದಲೇ.
ಅಂಚು ದುಂಡಗಿರಬೇಕಿತ್ತು, ಸ್ವಲ್ಪ ಹರಿದಿದೆ –
ಇಷ್ಟು ಹೇಳಿ ನಿಲ್ಲಿಸಿದೆ. ನಾನು ಡಾಕ್ಟರಲ್ಲ. ಅಳೆಯುವವಳು.

'ಕಪ್ಪೆಲ್ಲ ಸತ್ತದ್ದೇ?'
ಅಲ್ಲ. ತೀರಾ ನಿಧಾನ ಹರಿದರೂ ಯಂತ್ರಕ್ಕೆ ಅದು ನಿಂತ ಹಾಗೇ.
'ಮತ್ತೆ ಇಲ್ಲಿಗೆ ಟ್ಯಾಂಕರ್ ಯಾರು ಕಳಿಸುವುದು?'
ಯಾರೂ ಇಲ್ಲ ಎಂದು ಹೇಗೆ ಹೇಳಲಿ?
ಒಣಗಿದ ತುಂಡು ನೀರು ನೀರು ಎಂದು ಕೂಗಿಕೊಳ್ಳುತ್ತದೆ, ಅಂದೆ,
ಆ ಕೂಗಿಗೆ ಹೊಸ ನಾಳ ಹುಟ್ಟುತ್ತವೆ, ಗಟ್ಟಿ ಇಲ್ಲದವು, ಸೋರುವವು.
'ಕಳ್ಳ ಪೈಪು!' ತೊಡೆ ತಟ್ಟಿಕೊಂಡರು. 'ಗೊತ್ತು, ಗೊತ್ತು. ಅದಕ್ಕೇನು ಮಾಡ್ತೀರಿ?'
ಹಾಗೇನಾದರೂ ಆದರೆ ಲೇಸರಿನಿಂದ ದೂರದ ಅಂಚಿನ ಒಣ ತುಂಡನ್ನೇ ಸುಡುತ್ತಾರೆ,
ಕೂಗು ನಿಲ್ಲಲೆಂದು.

ಬಹಳ ಹೊತ್ತು ಮಾತಾಡಲಿಲ್ಲ.
'ಬಾಯಾರಿದವನ ಬಾಯಿ ಮುಚ್ಚಿಸುವುದು,' ಅಂದರು ಆಮೇಲೆ,
'ಉಳಿದ ತೋಟ ಉಳಿಯುವುದಾದರೆ ವಕೀಲನೂ ಅದನ್ನೇ ಮಾಡ್ತಿದ್ದ.'
ಇಲ್ಲಿ ವಕೀಲ ಅಂದರೆ ಕೋರ್ಟಿನವನಲ್ಲ, ಫಲಜಿನ ಸರದಿ ಕಾಯುವವ,
ಕೋಲಿನ ನೆರಳು ನೋಡಿ ಅರ್ಧ ಅರ್ಧ ತಾಸಿನ ನೀರು ಹಂಚುವವ.

ಈಗ ಎಡಗಣ್ಣು. ರೆಪ್ಪೆ ಬಿತ್ತು.
ಚಿತ್ರಕ್ಕೆ ಅಡ್ಡಲಾಗಿ ಒಂದು ಕಪ್ಪು ಪಟ್ಟಿ.
ಅದು ರೋಗವಲ್ಲ, ಆ ಕ್ಷಣಕ್ಕೆ ಇವರು ಇರಲಿಲ್ಲ, ಅಷ್ಟೆ.
ಇನ್ನೊಮ್ಮೆ, ಅಂದೆ. ಇನ್ನೊಮ್ಮೆ.

ಹೋಗುವಾಗ ಚಿತ್ರದ ಪ್ರತಿ ಬೇಕೆಂದರು.
ನಾಲ್ಕಾಗಿ ಮಡಚಿ ನೀರಿನ ರಸೀದಿಗಳ ಜೊತೆ ಜೇಬಿಗೆ ಹಾಕಿಕೊಂಡರು.
ಟ್ಯಾಂಕರು ಹಿಂದೆ ಸರಿದು ತಿರುಗಿತು.
ನಲ್ಲಿ ಸರಿಯಾಗಿ ಮುಚ್ಚಿರಲಿಲ್ಲ, ಡಾಂಬರಿನ ಮೇಲೆ ಹನಿಗಳ ಸಾಲು.
ಎಣಿಸೋಣ ಅಂದುಕೊಂಡೆ.
ಏಳಕ್ಕೆ ಬರುವಷ್ಟರಲ್ಲಿ ಮೊದಲನೆಯದು ಆರಿತ್ತು.